ಬಟನ್‌ಗೂ ಒಂದು ಹೆಸರು, ಒಂದು ರಿಜಿಸ್ಟರ್ ನಂಬರ್



ದಾಖಲಾತಿಯ ದಿನಗಳಲ್ಲಿ ಕಾಲೇಜು ಕಚೇರಿಯ ಕಿಟಕಿಯ ಬಳಿ ನಿಂತರೆ ಒಂದು ಸಂಗತಿ ಪ್ರತಿ ವರ್ಷವೂ ಕಾಣಸಿಗುತ್ತದೆ. ಹುಡುಗ ಒಬ್ಬನೇ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅವನು ‘ಮೊಹಮ್ಮದ್’, ಆಧಾರ್ ಕಾರ್ಡಿನಲ್ಲಿ ‘ಮುಹಮ್ಮದ್’, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ‘ಮಹಮ್ಮದ್’. ಹೆಸರು ಹಿಡಿದು ಹುಡುಕಿದರೆ ಕಂಪ್ಯೂಟರಿಗೆ ಅವರು ಮೂವರು ಬೇರೆ ಬೇರೆ ಹುಡುಗರು. ಅದಕ್ಕಾಗಿಯೇ ಕಚೇರಿಯವರು ಮೊದಲು ಕೇಳುವುದು, “ರಿಜಿಸ್ಟರ್ ನಂಬರ್ ಎಷ್ಟು?” ಎಂದು.

ಹಾಗೆಂದು ಹೆಸರು ಹೇಗಿದ್ದರೂ ನಡೆಯುತ್ತದೆಯೇ? ಇಲ್ಲ. ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೆ ಮುಂದೆ ಪಾಸ್‌ಪೋರ್ಟಿಗೆ, ಸ್ಕಾಲರ್‌ಶಿಪ್‌ಗೆ ಎಷ್ಟು ಓಡಾಟ ಎಂಬುದು ನಿಮ್ಮಲ್ಲಿ ಹಲವರ ಮನೆಯವರಿಗೆ ಗೊತ್ತು. ವಿದ್ಯಾರ್ಥಿಯನ್ನು ಹುಡುಕುವುದಕ್ಕೆ ನಂಬರ್ ಬೇಕು. ಹೆಸರು ಸರಿಯಾಗಿದೆಯೇ ಎಂದು ಬೇರೆಯಾಗಿ ನೋಡಬೇಕು. ಇವು ಎರಡು ಬೇರೆ ಕೆಲಸಗಳು.

ಸಾಫ್ಟ್‌ವೇರ್ ಪರದೆಯ ಮೇಲಿನ ಬಟನ್, ಕೊಂಡಿ, ಚೌಕಗಳ ವಿಷಯವೂ ಹೀಗೆಯೇ. ಅವುಗಳ ಮೇಲಿನ ಬರಹವನ್ನು, ಅಂದರೆ ಲೇಬಲ್ಲನ್ನು, ಸ್ವಯಂಚಾಲಿತ ಟೆಸ್ಟ್‌ಗಳಲ್ಲಿ ಹೇಗೆ ನಿಭಾಯಿಸಬೇಕು ಎಂಬುದೇ ಈ ಲೇಖನದ ವಿಷಯ. ನಮ್ಮ ಲ್ಯಾಬಿನಲ್ಲಿ ನಾವು ಇದನ್ನು ತಪ್ಪು ಮಾಡಿಯೇ ಕಲಿತೆವು.

ಸ್ವಯಂಚಾಲಿತ ಟೆಸ್ಟ್ ಎಂದರೆ

ಒಂದು ವೆಬ್ ಪುಟ ಮಾಡಿದ ಮೇಲೆ ಅದು ಸರಿಯಾಗಿ ನಡೆಯುತ್ತದೆಯೇ ಎಂದು ನಾವೇ ಕುಳಿತು ಒತ್ತಿ ನೋಡಬಹುದು. ಆದರೆ ಪ್ರತಿ ಸಣ್ಣ ಬದಲಾವಣೆಯ ನಂತರವೂ ಎಲ್ಲ ಬಟನ್‌ಗಳನ್ನು ಮತ್ತೆ ಒತ್ತುವ ತಾಳ್ಮೆ ಯಾರಿಗಿದೆ? ಆ ಕೆಲಸವನ್ನು ಒಂದು ಪ್ರೋಗ್ರಾಮಿಗೆ ಒಪ್ಪಿಸುವುದೇ ಸ್ವಯಂಚಾಲಿತ ಟೆಸ್ಟ್. ಪ್ರೋಗ್ರಾಂ ಬ್ರೌಸರನ್ನು ತೆರೆಯುತ್ತದೆ, ಚೌಕದಲ್ಲಿ ಅಕ್ಷರ ಬರೆಯುತ್ತದೆ, ಬಟನ್ ಒತ್ತುತ್ತದೆ, ಬಂದ ಫಲಿತಾಂಶವನ್ನು ನಾವು ನಿರೀಕ್ಷಿಸಿದ್ದರ ಜೊತೆ ಹೋಲಿಸುತ್ತದೆ. ಸರಿಯಿದ್ದರೆ ಹಸಿರು, ತಪ್ಪಿದ್ದರೆ ಕೆಂಪು.

ಇಂಥ ಉಪಕರಣಗಳಲ್ಲಿ ಹೆಚ್ಚು ಪ್ರಸಿದ್ಧವಾದದ್ದು ಸೆಲೆನಿಯಂ. 2004ರಲ್ಲಿ ಥಾಟ್‌ವರ್ಕ್ಸ್ ಕಂಪನಿಯಲ್ಲಿದ್ದ ಜೇಸನ್ ಹಗಿನ್ಸ್ ಅದನ್ನು ಆರಂಭಿಸಿದರು. ಅದರ ಮುಂದುವರಿದ ರೂಪವಾದ ವೆಬ್‌ಡ್ರೈವರ್ 2018ರಲ್ಲಿ ವೆಬ್‌ನ ಅಧಿಕೃತ ಮಾನದಂಡಗಳಲ್ಲಿ ಒಂದಾಯಿತು. ಈಗ ಸೈಪ್ರೆಸ್, ಮೈಕ್ರೋಸಾಫ್ಟ್‌ನ ಪ್ಲೇರೈಟ್, ಮೊಬೈಲ್ ಆ್ಯಪ್‌ಗಳಿಗೆ ಆಪಿಯಂ ಮುಂತಾದವೂ ಇವೆ. ಉಪಕರಣ ಯಾವುದೇ ಇರಲಿ, ಟೆಸ್ಟ್ ಮಾಡುವ ಮೊದಲ ಕೆಲಸ ಒಂದೇ: ಪರದೆಯ ಮೇಲಿರುವ ಹತ್ತಾರು ವಸ್ತುಗಳಲ್ಲಿ ತನಗೆ ಬೇಕಾದ ಬಟನ್ ಯಾವುದು ಎಂದು ಗುರುತಿಸುವುದು. ನಾವು ಎಡವಿದ್ದು ಅಲ್ಲಿಯೇ.

ಒಂದು ಪದ ಬದಲಾಯಿತು, ಎಲ್ಲ ಟೆಸ್ಟ್ ಕೆಂಪಾದವು

ನಮ್ಮ ವಿದ್ಯಾರ್ಥಿಗಳ ಒಂದು ತಂಡ ಗ್ರಂಥಾಲಯಕ್ಕಾಗಿ ಸಣ್ಣದೊಂದು ವೆಬ್ ಪುಟ ತಯಾರಿಸಿತು. ಪುಸ್ತಕದ ಹೆಸರು ಹುಡುಕಬೇಕು, ಬೇಕಾದ ಪ್ರತಿಯನ್ನು ತನ್ನ ಹೆಸರಿಗೆ ಕಾದಿರಿಸಬೇಕು, ಅಷ್ಟೇ. ಕನ್ನಡ, ಇಂಗ್ಲಿಷ್, ಉರ್ದು, ಮೂರು ಭಾಷೆಗಳಲ್ಲಿ. ಪೈಥಾನ್ ಮತ್ತು ಸೆಲೆನಿಯಂ ಬಳಸಿ ಟೆಸ್ಟ್‌ಗಳನ್ನೂ ಬರೆದರು. ಪ್ರತಿ ಟೆಸ್ಟ್‌ನಲ್ಲೂ ಇದ್ದ ಸಾಲಿನ ಅರ್ಥ ಹೀಗಿತ್ತು: ‘ಸಲ್ಲಿಸಿ’ ಎಂದು ಬರೆದಿರುವ ಬಟನ್ ಹುಡುಕು, ಅದನ್ನು ಒತ್ತು.

ಪುಟವನ್ನು ನೋಡಿದ ಗ್ರಂಥಪಾಲಕಿ ಮೇಡಂ, “ಇಲ್ಲಿ ಸಲ್ಲಿಸುವುದು ಏನನ್ನು? ಅರ್ಜಿಯೇ ಇದು? ಪುಸ್ತಕ ಕಾದಿರಿಸಿ ಎಂದು ಹಾಕಿ” ಎಂದರು. ಮಾತು ಸರಿ. ಒಬ್ಬ ವಿದ್ಯಾರ್ಥಿ ಪದ ಬದಲಾಯಿಸಿದ. ಮರುದಿನ ಲ್ಯಾಬಿನಲ್ಲಿ ನೋಡಿದರೆ ಕಾದಿರಿಸುವಿಕೆಯ ಎಲ್ಲ ಟೆಸ್ಟ್‌ಗಳೂ ಕೆಂಪು! ಪುಟ ಚೆನ್ನಾಗಿಯೇ ನಡೆಯುತ್ತಿತ್ತು. ಟೆಸ್ಟ್‌ಗಳು ಮಾತ್ರ ಇಲ್ಲದ ‘ಸಲ್ಲಿಸಿ’ಯನ್ನು ಹುಡುಕುತ್ತಾ ನಿಂತಿದ್ದವು.

ಅಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಪದಗಳು ಇನ್ನೂ ಎರಡು ಮೂರು ಸಲ ಬದಲಾದವು, ಪ್ರತಿ ಸಲವೂ ಕೆಂಪು ಬಂತು. ಬೇಸತ್ತ ಹುಡುಗರು, “ಸರ್, ಇದು ಯಾವಾಗಲೂ ಹೀಗೆಯೇ” ಎಂದು ಕೆಲವು ಟೆಸ್ಟ್‌ಗಳನ್ನು ಓಡಿಸುವುದನ್ನೇ ಬಿಟ್ಟರು. ಮುಂದಿನ ವಾರ ಒಂದೇ ಪ್ರತಿಯನ್ನು ಇಬ್ಬರ ಹೆಸರಿಗೆ ಕಾದಿರಿಸಲು ಪುಟ ಬಿಟ್ಟುಕೊಟ್ಟಿತು. ಪುಸ್ತಕ ಕೇಳಿಕೊಂಡು ಇಬ್ಬರೂ ಒಂದೇ ಹೊತ್ತಿಗೆ ಬಂದಾಗಲೇ ನಮಗೆ ಗೊತ್ತಾದದ್ದು. ಆ ತಪ್ಪನ್ನು ಹಿಡಿಯುವ ಟೆಸ್ಟ್ ನಮ್ಮಲ್ಲಿ ಇತ್ತು, ಆದರೆ ಮುಚ್ಚಿಟ್ಟ ಟೆಸ್ಟ್‌ಗಳಲ್ಲಿ ಅದೂ ಸೇರಿತ್ತು.

ಸುಳ್ಳು ಕೂಗಿನ ನಿಜವಾದ ಅಪಾಯ ಇದು. ಕಾರಣವಿಲ್ಲದೆ ಬಾರಿಸುವ ಗಂಟೆಯನ್ನು ಜನ ಕೇಳುವುದನ್ನು ನಿಲ್ಲಿಸುತ್ತಾರೆ. ನಿಜವಾಗಿ ಬೆಂಕಿ ಬಿದ್ದ ದಿನವೂ ಯಾರೂ ಏಳುವುದಿಲ್ಲ.

ಮೊದಲ ಪಾಠ: ಹುಡುಕಲು ನಂಬರ್

ಪರಿಹಾರ ಕಷ್ಟದ್ದಲ್ಲ. ಎಚ್‌ಟಿಎಂಎಲ್‌ನಲ್ಲಿ ಪ್ರತಿ ವಸ್ತುವಿಗೂ ಕಣ್ಣಿಗೆ ಕಾಣದ ಒಂದು ಗುರುತು ಕೊಡಬಹುದು. ಐಡಿ ಎಂಬ ಗುಣ ನಿಮಗೆ ಗೊತ್ತೇ ಇದೆ. ಟೆಸ್ಟ್‌ಗೆಂದೇ ಮೀಸಲಾದ ‘ಡೇಟಾ-ಟೆಸ್ಟ್‌ಐಡಿ’ ಎಂಬ ಗುಣವನ್ನೂ ಹಲವರು ಬಳಸುತ್ತಾರೆ. ಕಾದಿರಿಸುವ ಬಟನ್‌ಗೆ ಅಂಥ ಒಂದು ಗುರುತು ಕೊಟ್ಟೆವೆಂದರೆ ಅದರ ಮೇಲಿನ ಬರಹ ಕನ್ನಡದಲ್ಲಿರಲಿ, ಉರ್ದುವಿನಲ್ಲಿರಲಿ, ನಾಳೆ ಮತ್ತೆ ಬದಲಾಗಲಿ, ಟೆಸ್ಟ್ ಅದನ್ನು ಹುಡುಕಿಕೊಳ್ಳುತ್ತದೆ. ಒಂದೇ ಟೆಸ್ಟ್ ಮೂರೂ ಭಾಷೆಗಳಲ್ಲಿ ಓಡುತ್ತದೆ.

ಇದನ್ನು ಒಪ್ಪದವರೂ ಇದ್ದಾರೆ. ಬಳಕೆದಾರರು ಐಡಿ ನೋಡಿ ಬಟನ್ ಒತ್ತುವುದಿಲ್ಲ, ಬರಹ ನೋಡಿ ಒತ್ತುತ್ತಾರೆ. ಆದ್ದರಿಂದ ಟೆಸ್ಟ್ ಕೂಡ ಅವರಂತೆಯೇ ಹುಡುಕಬೇಕು ಎನ್ನುವುದು ಅವರ ವಾದ. ಪ್ಲೇರೈಟ್‌ನ ಕೈಪಿಡಿ ‘ಇದು ಬಟನ್, ಇದರ ಹೆಸರು ಇಂಥದ್ದು’ ಎಂಬ ರೀತಿಯ ಹುಡುಕಾಟಕ್ಕೇ ಮೊದಲ ಸ್ಥಾನ ಕೊಡುತ್ತದೆ. ಸೈಪ್ರೆಸ್‌ನ ಕೈಪಿಡಿ ಇದನ್ನು ನಿರ್ಧರಿಸಲು ಒಂದು ಒಳ್ಳೆಯ ಪ್ರಶ್ನೆ ಕೊಡುತ್ತದೆ. ಈ ಬರಹ ಬದಲಾದರೆ ಟೆಸ್ಟ್ ಬೀಳಬೇಕು ಎಂದು ನೀವು ಬಯಸುತ್ತೀರಾ? ಹೌದಾದರೆ ಬರಹದಿಂದ ಹುಡುಕಿ, ಇಲ್ಲವಾದರೆ ಗುರುತಿನಿಂದ ಹುಡುಕಿ.

ಒಂದೇ ಭಾಷೆಯ ಪುಟವಾದರೆ ಹೆಸರಿನಿಂದ ಹುಡುಕುವುದು ನಡೆದೀತು. ನಮ್ಮಂತೆ ಮೂರು ಭಾಷೆಗಳಿದ್ದರೆ, ಪದಗಳು ಇನ್ನೂ ಗಟ್ಟಿಯಾಗಿಲ್ಲದಿದ್ದರೆ, ಗುರುತಿನ ದಾರಿಯೇ ವಾಸಿ.

ಎರಡನೆಯ ಪಾಠ: ಹೆಸರನ್ನೂ ನೋಡಬೇಕು

ಇಲ್ಲಿಗೇ ನಿಲ್ಲಿಸಿದರೆ ಇನ್ನೊಂದು ಹಳ್ಳಕ್ಕೆ ಬೀಳುತ್ತೇವೆ. ಕೆಲವು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿನಿಯೊಬ್ಬಳು ಒಂದು ಜಾಲತಾಣದಲ್ಲಿ ವಿದ್ಯಾರ್ಥಿವೇತನದ ಅರ್ಜಿ ತುಂಬಿದಳು. ಇಂಗ್ಲಿಷ್ ಪುಟದಲ್ಲಿ ಎರಡು ಬಟನ್‌ಗಳಿದ್ದವು: ಒಂದು ತುಂಬಿದ್ದನ್ನು ಉಳಿಸಿಡಲು, ಇನ್ನೊಂದು ಅಂತಿಮವಾಗಿ ಕಳುಹಿಸಲು. ಕನ್ನಡ ಪುಟದಲ್ಲಿ ಎರಡರ ಮೇಲೂ ‘ಸಲ್ಲಿಸು’ ಎಂದೇ ಇತ್ತು. ಅವಳು ಮೊದಲನೆಯದನ್ನು ಒತ್ತಿದಳು, ಹಸಿರು ಗುರುತು ಬಂತು, ನಿಶ್ಚಿಂತೆಯಿಂದ ಮನೆಗೆ ಹೋದಳು. ಕೊನೆಯ ದಿನ ಕಳೆದ ಮೇಲೆ ನೋಡಿದರೆ ಅರ್ಜಿ ಕರಡಿನಲ್ಲೇ ಉಳಿದಿತ್ತು. ಆ ವರ್ಷದ ವೇತನ ತಪ್ಪಿತು.

ಟೆಸ್ಟ್ ಮಾಡುವವರ ಕಣ್ಣಿನಿಂದ ಈ ಪುಟವನ್ನು ನೋಡಿ. ಎರಡು ಬಟನ್‌ಗಳಿಗೂ ಬೇರೆ ಬೇರೆ ಐಡಿ ಇದ್ದಿರಬೇಕು. ಉಳಿಸುವುದು ಉಳಿಸಿತು, ಕಳುಹಿಸುವುದು ಕಳುಹಿಸುತ್ತಿತ್ತು. ಐಡಿಯಿಂದ ಹುಡುಕುವ ಟೆಸ್ಟ್‌ಗೆ ಅಲ್ಲಿ ಏನೂ ತಪ್ಪಿಲ್ಲ, ಎಲ್ಲ ಹಸಿರು. ಆದರೆ ಪರದೆಯ ಮುಂದೆ ಕುಳಿತವರಿಗೆ ಬಟನ್ ಎಂದರೆ ಅದರ ಮೇಲಿನ ಪದವೇ. ಒತ್ತಿದರೆ ಏನಾಗುತ್ತದೆ ಎಂದು ತಿಳಿಯಲು ಅವರಿಗೆ ಬೇರೆ ದಾರಿಯಿಲ್ಲ.

ಆದ್ದರಿಂದ ನಡವಳಿಕೆಗೆ ಒಂದು ಬಗೆಯ ಟೆಸ್ಟ್, ಬರಹಕ್ಕೆ ಇನ್ನೊಂದು ಬಗೆಯ ಟೆಸ್ಟ್. ಎರಡನ್ನೂ ಬೆರೆಸಬಾರದು, ಎರಡರಲ್ಲಿ ಒಂದನ್ನೂ ಬಿಡಬಾರದು.

ಬರಹಗಳಿಗೆ ಒಂದೇ ಮನೆ

ಬರಹವನ್ನು ಪರೀಕ್ಷಿಸಬೇಕಾದರೆ ಮೊದಲು ಅದು ಒಂದೇ ಕಡೆ ಇರಬೇಕು. ಕೋಡಿನ ತುಂಬ ಪದಗಳನ್ನು ಚೆಲ್ಲಿದರೆ ಯಾವುದನ್ನೂ ಲೆಕ್ಕ ಇಡಲಾಗದು. ಆಂಡ್ರಾಯ್ಡ್ ಆ್ಯಪ್‌ಗಳಲ್ಲಿ ಪರದೆಯ ಬರಹಗಳನ್ನೆಲ್ಲ ಪ್ರತ್ಯೇಕ ಫೈಲಿನಲ್ಲಿ ಇಡುವುದು ರೂಢಿ, ಭಾಷೆಗೊಂದು ಫೈಲು. ವೆಬ್ ಪುಟಗಳಲ್ಲಿ ಈ ಕೆಲಸಕ್ಕೆ ಸಾಮಾನ್ಯವಾಗಿ ಜೇಸನ್ ಫೈಲುಗಳನ್ನು ಬಳಸುತ್ತಾರೆ. ಎಡಗಡೆ ಬದಲಾಗದ ಒಂದು ಕೀ, ಬಲಗಡೆ ಆ ಭಾಷೆಯ ಪದ. ಪೈಥಾನ್ ಕಲಿಯುವ ನಿಮಗೆ ಇದು ಡಿಕ್ಷನರಿಯೇ.

ಇದು ಆದ ಮೇಲೆ ಪರದೆಯನ್ನೇ ತೆರೆಯದೆ, ಹತ್ತು ಹದಿನೈದು ಸಾಲಿನ ಪೈಥಾನ್‌ನಲ್ಲಿ ಎಷ್ಟೋ ತಪ್ಪು ಹಿಡಿಯಬಹುದು.

ಒಂದು, ಇಂಗ್ಲಿಷ್ ಫೈಲಿನಲ್ಲಿರುವ ಪ್ರತಿ ಕೀ ಕನ್ನಡ ಮತ್ತು ಉರ್ದು ಫೈಲುಗಳಲ್ಲೂ ಇದೆಯೇ? ಇಲ್ಲದಿದ್ದರೆ ಪರದೆಯ ಮೇಲೆ ಪದದ ಬದಲು ಕೀ ಅಥವಾ ಇಂಗ್ಲಿಷ್ ಪದ ಬಂದು ಕೂರುತ್ತದೆ.

ಎರಡು, ಬರಹದ ನಡುವೆ ಕರ್ಲಿ ಬ್ರ್ಯಾಕೆಟ್ಟಿನಲ್ಲಿ ಇರುವ ಹೆಸರುಗಳು ಹಾಗೆಯೇ ಇವೆಯೇ? ಪುಸ್ತಕಗಳ ಸಂಖ್ಯೆ ಬರಬೇಕಾದ ಜಾಗದಲ್ಲಿ ವೇರಿಯೇಬಲ್‌ನ ಹೆಸರನ್ನೂ ಅನುವಾದಿಸಿಬಿಡುವುದು ಸಾಮಾನ್ಯ ತಪ್ಪು. ಕನ್ನಡ ಪ್ರೀತಿ ಒಳ್ಳೆಯದು, ಆದರೆ ಪ್ರೋಗ್ರಾಮಿಗೆ ಆ ಹೆಸರು ಗೊತ್ತಿಲ್ಲ.

ಮೂರು, ಒಂದೇ ಪರದೆಯ ಎರಡು ಬೇರೆ ಬಟನ್‌ಗಳಿಗೆ ಒಂದೇ ಪದ ಬಂದಿದೆಯೇ? ನಮ್ಮ ವಿದ್ಯಾರ್ಥಿನಿಯ ವೇತನ ತಪ್ಪಿಸಿದ್ದನ್ನು ಈ ಒಂದು ಸಾಲು ಹಿಡಿಯುತ್ತಿತ್ತು.

ಒಂದು ಎಚ್ಚರಿಕೆ. ಪರದೆಯ ಟೆಸ್ಟ್ ಕೂಡ ಇದೇ ಫೈಲಿನಿಂದ ಪದ ಓದಿಕೊಂಡು ಹೋಲಿಸಿದರೆ ಅದು ತನ್ನ ಉತ್ತರಪತ್ರಿಕೆಯನ್ನು ತಾನೇ ತಿದ್ದಿಕೊಂಡಂತೆ. ಫೈಲಿನಲ್ಲೇ ತಪ್ಪಿದ್ದರೆ ಪರದೆಯೂ ತಪ್ಪು, ಟೆಸ್ಟ್‌ನ ನಿರೀಕ್ಷೆಯೂ ತಪ್ಪು, ಎರಡೂ ಹೊಂದುವುದರಿಂದ ಫಲಿತಾಂಶ ಹಸಿರು. ‘ಸರಿಯಾದ ಪದ ಸರಿಯಾದ ಜಾಗಕ್ಕೆ ಬಂತೇ’ ಎಂಬುದನ್ನು ಮಾತ್ರ ಅಂಥ ಟೆಸ್ಟ್ ಹೇಳಬಲ್ಲದು. ಪದ ಒಳ್ಳೆಯದೇ ಎಂದು ಹೇಳಲು ಭಾಷೆ ಬಲ್ಲ ಮನುಷ್ಯರೇ ಬೇಕು. ಗ್ರಂಥಪಾಲಕಿ ಮೇಡಂ ಹಿಡಿದ ತಪ್ಪನ್ನು ಯಾವ ಪ್ರೋಗ್ರಾಮೂ ಹಿಡಿಯುತ್ತಿರಲಿಲ್ಲ. ಹಣ, ಅಳಿಸುವಿಕೆ, ಅಂತಿಮ ಸಲ್ಲಿಕೆ, ಇಂಥ ಹಿಂದಿರುಗಲಾಗದ ಬಟನ್‌ಗಳ ಪದಗಳನ್ನು ಮಾತ್ರ ಟೆಸ್ಟ್‌ನಲ್ಲಿ ಕೈಯಾರೆ ಬರೆದಿಡಿ. ಅವು ಬದಲಾದರೆ ಗಂಟೆ ಬಾರಿಸಲೇಬೇಕು.

ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ

ಬರಹಗಳನ್ನು ಹೋಲಿಸತೊಡಗಿದಾಗ ನಮಗೆ ಇನ್ನೊಂದು ಸಮಸ್ಯೆ ಎದುರಾಯಿತು. ಟೆಸ್ಟ್ ಕೆಂಪು. ನಿರೀಕ್ಷಿಸಿದ ಪದ ‘ಲಾಗಿನ್’, ಬಂದ ಪದವೂ ‘ಲಾಗಿನ್’. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೂ ವ್ಯತ್ಯಾಸವಿಲ್ಲ. ಪೈಥಾನ್‌ನಲ್ಲಿ ಉದ್ದ ಕೇಳಿದರೆ ಒಂದಕ್ಕೆ 6, ಇನ್ನೊಂದಕ್ಕೆ 7.

ಆ ಏಳನೆಯದು ಕಣ್ಣಿಗೆ ಕಾಣದ ಒಂದು ಚಿಹ್ನೆ. ಅದರ ಹೆಸರು ಝೀರೋ ವಿಡ್ತ್ ನಾನ್ ಜಾಯ್ನರ್. ಅರ್ಧಾಕ್ಷರದ ನಂತರ ಒತ್ತಕ್ಷರ ಆಗುವುದನ್ನು ತಡೆಯುವುದು ಅದರ ಕೆಲಸ. ‘ಪಾಸ್‌ವರ್ಡ್’ ಎಂದು ಬಿಡಿಸಿ ಬರೆಯಲು ಅದು ಬೇಕೇ ಬೇಕು. ಇಲ್ಲವಾದರೆ ‘ಪಾಸ್ವರ್ಡ್’ ಆಗುತ್ತದೆ. ಆದರೆ ಪದದ ಕೊನೆಯಲ್ಲಿ ಅದಕ್ಕೆ ಕೆಲಸವಿಲ್ಲ, ಕಾಣುವುದೂ ಇಲ್ಲ. ಬೇರೆ ಕಡೆಯಿಂದ ನಕಲಿಸಿ ಅಂಟಿಸಿದ ಕನ್ನಡ ಬರಹದ ಜೊತೆ ಅದು ಸದ್ದಿಲ್ಲದೆ ಬಂದು ಸೇರಿಕೊಳ್ಳುತ್ತದೆ. ಹಾಗಾಗಿ ಪದದ ತುದಿಯಲ್ಲಿರುವುದನ್ನು ತೆಗೆದುಹಾಕಿ, ಪದದ ನಡುವೆ ಇರುವುದನ್ನು ಮುಟ್ಟಬೇಡಿ.

ಇನ್ನೊಂದು ತೊಡಕು ದೀರ್ಘ ಸ್ವರಗಳದು. ‘ಕೋ’ ಎಂಬ ಅಕ್ಷರವನ್ನು ಯೂನಿಕೋಡ್‌ನಲ್ಲಿ ‘ಕ’ ಮತ್ತು ಓಕಾರದ ಚಿಹ್ನೆ ಎಂದು ಎರಡು ಸಂಕೇತಗಳಲ್ಲಿ ಬರೆಯಬಹುದು. ‘ಕ’, ಎಕಾರದ ಚಿಹ್ನೆ, ಊಕಾರದ ಚಿಹ್ನೆ, ದೀರ್ಘದ ಚಿಹ್ನೆ ಎಂದು ನಾಲ್ಕು ಸಂಕೇತಗಳಾಗಿಯೂ ಬಿಡಿಸಬಹುದು. ಯೂನಿಕೋಡ್ ನಿಯಮದ ಪ್ರಕಾರ ಎರಡೂ ಒಂದೇ. ಆದರೆ ಪೈಥಾನ್‌ನ ಸಮ ಚಿಹ್ನೆ ಅವನ್ನು ಬೇರೆ ಎನ್ನುತ್ತದೆ. ಇದಕ್ಕೆ ಪೈಥಾನ್‌ನಲ್ಲೇ ‘ಯೂನಿಕೋಡ್‌ಡೇಟಾ’ ಎಂಬ ಮಾಡ್ಯೂಲ್ ಇದೆ. ಅದರ ‘ನಾರ್ಮಲೈಸ್’ ಫಂಕ್ಷನ್‌ಗೆ ‘ಎನ್‌ಎಫ್‌ಸಿ’ ಎಂಬ ರೂಪ ಕೊಟ್ಟು ಎರಡೂ ಕಡೆಯ ಬರಹವನ್ನು ಒಂದೇ ರೂಪಕ್ಕೆ ತಂದು ಆಮೇಲೆ ಹೋಲಿಸಬೇಕು.

ಉರ್ದು ಪುಟದಲ್ಲಿ ಇನ್ನೂ ಸೂಕ್ಷ್ಮ. ‘ಕಿತಾಬ್’ ಪದದ ಮೊದಲ ಅಕ್ಷರ ಕಾಫ್. ಉರ್ದು ಕೀಬೋರ್ಡಿನ ಕಾಫ್ ಬೇರೆ ಸಂಕೇತ, ಅರೇಬಿಕ್ ಕೀಬೋರ್ಡಿನ ಕಾಫ್ ಬೇರೆ ಸಂಕೇತ. ಪದದ ಆರಂಭದಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ. ಇವನ್ನು ‘ನಾರ್ಮಲೈಸ್’ ಕೂಡ ಒಂದು ಮಾಡುವುದಿಲ್ಲ, ಏಕೆಂದರೆ ಅವು ನಿಜವಾಗಿಯೂ ಬೇರೆ ಅಕ್ಷರಗಳು. ಇಲ್ಲಿ ಕೆಂಪು ಬಂದರೆ ಅದು ಸುಳ್ಳು ಕೂಗಲ್ಲ. ಅರೇಬಿಕ್ ಕಾಫ್‌ನಲ್ಲಿ ಬರೆದ ಪುಸ್ತಕದ ಹೆಸರು ಉರ್ದು ಕಾಫ್‌ನಿಂದ ಹುಡುಕಿದವರಿಗೆ ಸಿಗದೇ ಹೋಗಬಹುದು. ಫೈಲನ್ನೇ ತಿದ್ದಬೇಕು. ಜೊತೆಗೆ ಉರ್ದು ಪುಟಕ್ಕೆ ಬಲದಿಂದ ಎಡಕ್ಕೆ ಎಂಬ ದಿಕ್ಕನ್ನು ಕೊಟ್ಟಿದೆಯೇ ಎಂದೂ ಟೆಸ್ಟ್ ನೋಡಲಿ.

ಸಂಖ್ಯೆ ಬಂದಾಗ ಭಾಷೆಗೊಂದು ನಿಯಮ. ಇಂಗ್ಲಿಷ್‌ನಲ್ಲಿ ಸೊನ್ನೆಗೆ ಬಹುವಚನ ಬರುತ್ತದೆ. ಸಾಫ್ಟ್‌ವೇರ್‌ಗಳು ಬಳಸುವ ಯೂನಿಕೋಡ್‌ನ ಬಹುವಚನ ಪಟ್ಟಿಯಲ್ಲಿ ಕನ್ನಡದ ಸೊನ್ನೆ ಒಂದರ ಜೊತೆ ಏಕವಚನದ ಗುಂಪಿನಲ್ಲಿದೆ: 0 ಪುಸ್ತಕ, 1 ಪುಸ್ತಕ, 2 ಪುಸ್ತಕಗಳು. ಅರೇಬಿಕ್ ಭಾಷಾ ವಿಷಯ ತೆಗೆದುಕೊಂಡವರಿಗೆ ದ್ವಿವಚನ ಗೊತ್ತು. ಆ ಪಟ್ಟಿಯಲ್ಲಿ ಅರೇಬಿಕ್‌ಗೆ ಒಟ್ಟು 6 ರೂಪಗಳಿವೆ. ಆದ್ದರಿಂದ ಸಂಖ್ಯೆ ಇರುವ ಲೇಬಲ್ಲನ್ನು 0, 1, 2 ಈ ಮೂರರಿಂದಲಾದರೂ ಪರೀಕ್ಷಿಸಿ.

ಕೇಳಿಸಿಕೊಂಡು ಓದುವವರು

ಕೊನೆಯದಾಗಿ, ಮರೆಯಬಾರದ ಒಂದು ಮಾತು. ದೃಷ್ಟಿ ಇಲ್ಲದವರು ಫೋನನ್ನು ಬಳಸುವುದು ಟಾಕ್‌ಬ್ಯಾಕ್, ವಾಯ್ಸ್‌ಓವರ್‌ನಂಥ ಪರದೆ ಓದುವ ಸೌಲಭ್ಯಗಳಿಂದ. ಕನ್ನಡಿ ಬೆರಳಚ್ಚಿನಂತೆ ಚಿತ್ರ ಮಾತ್ರ ಇರುವ ಬಟನ್‌ಗಳಿಗೆ, ಉದಾಹರಣೆಗೆ ಹುಡುಕಾಟದ ಭೂತಗನ್ನಡಿಗೆ, ಅವರಿಗಾಗಿಯೇ ಕಾಣದ ಒಂದು ವಿವರಣೆ ಬರೆದಿರುತ್ತಾರೆ. ಫೋನು ಅದನ್ನು ಗಟ್ಟಿಯಾಗಿ ಓದುತ್ತದೆ.

ಆಂಡ್ರಾಯ್ಡ್‌ನಲ್ಲಿ ಆಪಿಯಂ ಉಪಕರಣಕ್ಕೆ ಈ ವಿವರಣೆಯಿಂದಲೂ ಬಟನ್ ಹುಡುಕಲು ಬರುತ್ತದೆ. ಅದು ಸುಲಭವೆಂದು ಕೆಲವರು ಟೆಸ್ಟ್‌ನ ಗುರುತನ್ನೇ ಅಲ್ಲಿ ತುಂಬಿಬಿಡುತ್ತಾರೆ. ಟೆಸ್ಟ್ ಹಸಿರಾಗುತ್ತದೆ. ಆದರೆ ಕಣ್ಣು ಕಾಣದ ಒಬ್ಬರು ಹಣ ಕಳುಹಿಸಲು ಹೊರಟಾಗ ಫೋನು ಅವರಿಗೆ ‘ಬಿಟಿಎನ್ ಜೀರೋ ಒನ್’ ಎಂದು ಓದಿ ಹೇಳುತ್ತದೆ. ನಮ್ಮ ಅನುಕೂಲಕ್ಕೆ ಅವರ ದಾರಿಯನ್ನು ಮುಚ್ಚಿದಂತಾಯಿತು. ಐಫೋನ್‌ನಲ್ಲಿ ಇದಕ್ಕೆಂದೇ ಎರಡು ಬೇರೆ ಜಾಗಗಳಿವೆ: ಟೆಸ್ಟ್‌ಗೆ ಗುರುತು, ಮನುಷ್ಯರಿಗೆ ಲೇಬಲ್. ಗುರುತನ್ನು ವಾಯ್ಸ್‌ಓವರ್ ಓದುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ಟೆಸ್ಟ್‌ಗೆ ರಿಸೋರ್ಸ್ ಐಡಿ ಬಳಸಿ, ವಿವರಣೆಯನ್ನು ಮನುಷ್ಯರಿಗೆ ಬಿಡಿ. ಮತ್ತು ಆ ವಿವರಣೆಗಳೂ ಅನುವಾದವಾಗಿವೆಯೇ ಎಂದು ನೋಡಿ. ಕಾಣದ ಬರಹವಾದ್ದರಿಂದ ಅನುವಾದಿಸುವಾಗ ಮೊದಲು ಮರೆತುಹೋಗುವುದು ಅದೇ.

ಲ್ಯಾಬಿನಲ್ಲಿ ಮಾಡಿ ನೋಡಿ

ನಿಮ್ಮ ಪ್ರಾಜೆಕ್ಟ್‌ನ ಒಂದೇ ಒಂದು ಪುಟ ತೆಗೆದುಕೊಳ್ಳಿ. ಅದರ ಬಟನ್‌ಗಳಿಗೆ ಗುರುತು ಕೊಡಿ. ಬರಹಗಳನ್ನೆಲ್ಲ ಒಂದು ಫೈಲಿಗೆ ಸಾಗಿಸಿ. ಆಮೇಲೆ ಬೇಕೆಂದೇ ಎಲ್ಲ ಪದಗಳನ್ನೂ ಬದಲಾಯಿಸಿ ಟೆಸ್ಟ್ ಓಡಿಸಿ. ನಡವಳಿಕೆಯ ಟೆಸ್ಟ್‌ಗಳು ಹಸಿರಾಗಿಯೇ ಇರಬೇಕು, ಬರಹದ ಟೆಸ್ಟ್‌ಗಳು ಮಾತ್ರ ಕೆಂಪಾಗಬೇಕು. ಅದಲುಬದಲಾದರೆ ಎಲ್ಲೋ ಹೆಸರನ್ನೂ ನಂಬರನ್ನೂ ಬೆರೆಸಿದ್ದೀರಿ ಎಂದರ್ಥ.

ಕೊನೆಗೆ ಆ ಫೈಲನ್ನು ಮುದ್ರಿಸಿ, ಕಂಪ್ಯೂಟರ್ ವಿಷಯ ಓದದ ನಿಮ್ಮ ಗೆಳೆಯರೊಬ್ಬರ ಕೈಗೆ ಕೊಡಿ. ಕನ್ನಡದ್ದನ್ನು ಕನ್ನಡ ಚೆನ್ನಾಗಿ ಬಲ್ಲವರಿಗೆ, ಉರ್ದುವಿನದನ್ನು ಉರ್ದು ಬಲ್ಲವರಿಗೆ. “ಇದನ್ನು ಒತ್ತಿದರೆ ಏನಾಗುತ್ತದೆ ಅಂದುಕೊಳ್ಳುತ್ತೀರಿ?” ಎಂದು ಪ್ರತಿ ಪದಕ್ಕೂ ಕೇಳಿ. ನಮ್ಮ ಗ್ರಂಥಾಲಯದ ಪುಟದಲ್ಲಿ ಈಗ ಟೆಸ್ಟ್‌ಗಳು ಓಡುವುದಕ್ಕಿಂತ ಮೊದಲು ಈ ಕೆಲಸ ನಡೆಯುತ್ತದೆ, ಗ್ರಂಥಪಾಲಕಿ ಮೇಡಂ ಅವರ ಮೇಜಿನ ಮೇಲೆ.

– ಉಪನ್ಯಾಸಕರು, ಕಂಪ್ಯೂಟರ್ ಸೈನ್ಸ್ ವಿಭಾಗ